ಮಾರ್ವಾ ಟೀಚರ್ ಮನೆಯ ಕಳ್ಳತನ

ಕದ್ದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮೂರಿನವರು ಇದಕ್ಕೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ಮಾರ್ವಾ ಗ್ರೆನಡಾ ದ್ವೀಪದ ಹುಡುಗಿ. ಸಮುದ್ರದ ಪಕ್ಕ ಬೆಳೆದವಳು ವೆನೆಜುವೆಲಾದ ನಮ್ಮ ಬೆಟ್ಟದ ಊರಿಗೆ ಇಂಗ್ಲಿಷ್ ಕಲಿಸಲು ಬಂದಳು. ಅದೇ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಮಕ್ಕಳಿಗೆ ನನ್ನನ್ನು ಕಂಡರೆ ಭಯ, ಅವಳನ್ನು ಕಂಡರೆ ಪ್ರಾಣ. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮನೆ ಬಿಟ್ಟು ಅವಳ ಮೊದಲ ಕ್ರಿಸ್‌ಮಸ್. ಬೀದಿಯವರನ್ನೆಲ್ಲ ಇಪ್ಪತ್ತೈದರ ಮಧ್ಯಾಹ್ನದ ಊಟಕ್ಕೆ ಕರೆದಳು. ಎಲ್ಲರೂ ಬರುತ್ತೇವೆ ಎಂದರು. ಕರೆದವರ ಮುಖಕ್ಕೆ ಇಲ್ಲ ಅನ್ನುವುದು ನಮ್ಮಲ್ಲಿ ಒರಟುತನ. ಬರುತ್ತೇವೆ ಎಂದು ಬರದೆ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇಪ್ಪತ್ನಾಲ್ಕರ ರಾತ್ರಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಅಯ್ಯಾಕ ತಿಂದು, ಬೆಳಗಿನ ತನಕ ಕುಣಿದು, ಮರುದಿನ ಸಂಜೆಯವರೆಗೆ ಊರಿಗೆ ಊರೇ ಮಲಗಿರುತ್ತದೆ. ಇದನ್ನು ಅವಳಿಗೆ ನಾನಾದರೂ ಹೇಳಬೇಕಿತ್ತು. ನಾನೂ ಗೊರಕೆ ಹೊಡೆಯುತ್ತಿದ್ದೆ.

ಎರಡು ತಿಂಗಳು ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕರಿ ಕೇಕು, ಹಂದಿಮಾಂಸ, ಶಾಲೆಯಿಂದ ಕೇಳಿ ತಂದ ಇಪ್ಪತ್ತೆರಡು ತಟ್ಟೆ. ಸಂಜೆ ನಾನು ಕಣ್ಣುಜ್ಜಿಕೊಂಡು ಹೋದಾಗ ಅವಳು ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕೇಕು ಕೊಯ್ದು ಕೊಟ್ಟಳು.

ವರ್ಷದ ಕೊನೆಗೆ ರಾಜೀನಾಮೆ ಕೊಟ್ಟಳೆಂದು ಕೇಳಿದೆ. ಜನವರಿಯ ಮೂರನೇ ಭಾನುವಾರದ ಬಸ್ಸಿಗೆ ಹೊರಡುತ್ತಾಳಂತೆ.

ಅವಳ ಮನೆಯ ಕ್ರಿಸ್‌ಮಸ್ ಗೋದಲಿಯಲ್ಲಿ ಒಂದು ಬಾಲಯೇಸುವಿನ ಗೊಂಬೆ ಇತ್ತು. ಅವಳ ಅಮ್ಮ ಕಳಿಸಿದ್ದು, ಕರಿಮರದ್ದು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಹೊಸ ವರ್ಷ ಬಂದ ಮೇಲೆ ಮಗುವನ್ನು ಮಲಗಿಸಿಯೇ ಇಡಬಾರದು, ಎತ್ತಿ ನಿಲ್ಲಿಸಬೇಕು ಎನ್ನುವುದು ನಮ್ಮ ಪದ್ಧತಿ. ನಿಲ್ಲಿಸದ ಮನೆಯಿಂದ ಅದನ್ನು ಕದಿಯಬಹುದು. ಆಮೇಲೆ ಇಡೀ ಬೀದಿ ಪಿಟೀಲು ನುಡಿಸುತ್ತ, ಮೇಣದ ಬತ್ತಿ ಹಿಡಿದು ಮನೆಮನೆ ಹುಡುಕಿ, ಸಿಕ್ಕ ಮಗುವನ್ನು ಮೆರವಣಿಗೆಯಲ್ಲಿ ಅದರ ಮನೆಗೆ ತಂದು ನಿಲ್ಲಿಸುತ್ತದೆ. ಪರರ ಮನೆಯಲ್ಲಿ ಯಾರೂ ಕದಿಯುವುದಿಲ್ಲ, ನಮ್ಮವರು ಅಂದುಕೊಂಡವರ ಮನೆಯಲ್ಲೇ ಕದಿಯುವುದು. ಹೊರಡಲು ಮೂರು ದಿನ ಇದೆ ಅನ್ನುವಾಗ ಕಾಫಿಯ ನೆಪದಲ್ಲಿ ಹೋಗಿ ಮಗುವನ್ನು ಸ್ವೆಟರಿನೊಳಗೆ ಹಾಕಿಕೊಂಡು ಬಂದೆ. ಹುಡುಕುವ ದಿನದವರೆಗೆ ಕದ್ದವರು ಬಾಯಿ ಬಿಡುವ ಹಾಗಿಲ್ಲ. ನನ್ನ ಐವತ್ತಾರು ವರ್ಷದಲ್ಲಿ ಹಾಗೆ ಬಾಯಿ ಬಿಟ್ಟವರನ್ನು ಕಂಡಿಲ್ಲ.

ಪದ್ಧತಿ ಅವಳಿಗೂ ಗೊತ್ತಿರುತ್ತದೆ ಅಂದುಕೊಂಡೆ. ದಡ್ಡಿ ನಾನು, ಡಿಸೆಂಬರಿನಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದೆ.

ಮರುದಿನ ಬೆಳಗ್ಗೆ ಮಾರ್ವಾ ನನ್ನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. ಭಾನುವಾರದವರೆಗೆ ಕಾಯುವುದಿಲ್ಲ, ಇವತ್ತೇ ಏನಾದರೂ ಗಾಡಿ ಸಿಕ್ಕರೆ ಹೊರಟೆ ಎಂದಳು.

“ಊಟಕ್ಕೆ ಯಾರೂ ಬರ್ಲಿಲ್ಲ, ಹೋಗ್ಲಿ ಬಿಡಿ. ಈಗ ಅಮ್ಮ ಕೊಟ್ಟ ಮಗೂನೂ ಯಾರೋ ಕದ್ದುಬಿಟ್ರಲ್ಲ, ಆರ್ಮಿಂಡಾ ಟೀಚರ್. ಈ ಊರಿಗೆ ನಾನೇನು ಮಾಡಿದ್ದೆ?”

ನಿಯಮದ ಮನೆ ಹಾಳಾಗಲಿ ಎಂದು ಒಳಗಿನಿಂದ ಹಿಟ್ಟಿನ ಡಬ್ಬ ತಂದು ಮುಚ್ಚಳ ತೆಗೆದೆ.

“ಕಳ್ಳಿ ನಾನೇ ಕಣೇ. ಬೈಯೋದಾದ್ರೆ ಬೈ, ಆದ್ರೆ ಪೂರ್ತಿ ಕೇಳ್ಕೊಂಡು ಬೈ.”

ಯಾಕೆ ಕದಿಯುತ್ತೇವೆ, ಯಾರ ಮನೆಯಲ್ಲಿ ಕದಿಯುತ್ತೇವೆ, ಅವತ್ತು ಯಾಕೆ ಯಾರೂ ಬರಲಿಲ್ಲ, ಎಲ್ಲ ಹೇಳಿದೆ. ನೀನು ಹೋಗಬೇಡ ಎಂದೂ ಹೇಳಿದೆ. ಅದನ್ನು ಹೇಳುವಾಗ ನನಗೇ ಅಳು ಬಂತು. ಅವಳು ಹಿಟ್ಟು ಮೆತ್ತಿದ ಮಗುವನ್ನು ತೋಳಿಗೆ ಒರೆಸಿ, ಬಹಳ ಹೊತ್ತು ನೋಡಿ, ವಾಪಸ್ ನನ್ನ ಕೈಗೇ ಕೊಟ್ಟಳು.

“ಬೇರೆ ಕಡೆ ಬಚ್ಚಿಡಿ. ಎಲ್ಲಿದೆ ಅಂತ ಗೊತ್ತಿದ್ರೆ ನಾನು ಹುಡುಕೋದೇನು?”

ಶನಿವಾರ ಮಧ್ಯಾಹ್ನ ಮಗುವನ್ನು ಹುಡುಕಲು ಹೊರಟೆವು. ಮರುದಿನದ ಟಿಕೆಟ್ ಅವಳ ಚೀಲದಲ್ಲೇ ಇತ್ತು. ಅವಳೂ ಅದರ ಮಾತೆತ್ತಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಪ್ರತಿ ಬಾಗಿಲಲ್ಲೂ ಅವಳು ನನ್ನ ಮಗು ಇಲ್ಲಿದೆಯಾ ಎಂದು ಕೇಳಬೇಕು. ಮನೆಯವರು ಇಲ್ಲ ಎಂದು ಒಳಗೆ ಕರೆದು ಕೇಕು, ವೈನು ಕೊಡಬೇಕು. ಅವಳ ಊಟಕ್ಕೆ ಬಾರದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಮೇಜಿಗೆ ಅವಳನ್ನು ಕೂರಿಸಿಕೊಂಡರು. ಮೊದಲ ಮನೆಯಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಐದನೆಯದರಲ್ಲಿ ಮನೆಯೊಡತಿಯ ಕೂಸು ಅವಳ ತೊಡೆಯ ಮೇಲಿತ್ತು. ಬೇಕರಿಯ ಮುದುಕ ನಿದ್ದೆ ಹೋಗಿದ್ದಕ್ಕೆ ಕ್ಷಮೆ ಕೇಳುತ್ತ ನಡುವೆಯೇ ಆಕಳಿಸಿದಾಗ ಅವಳು ಜೋರಾಗಿ ನಕ್ಕಳು.

ಆರು ಮನೆ ಮುಗಿಯಿತು. ಮಗು ಇದ್ದದ್ದು ಏಳನೆಯದರಲ್ಲಿ, ನಮ್ಮ ಜೊತೆ ಪಿಟೀಲು ನುಡಿಸುತ್ತ ಬಂದಿದ್ದ ಎವರಿಸ್ತೋನ ಅಡುಗೆಮನೆಯ ಗೂಡಿನಲ್ಲಿ. ಅವನ ಗೇಟಿನ ಹತ್ತಿರ ಮಾರ್ವಾ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು.

“ಇಲ್ಲೂ ಇಲ್ದೆ ಇದ್ರೆ ಚೆನ್ನಾಗಿರತ್ತೆ.”

ಇನ್ನೊಂದು ಹಾಡು ನುಡಿಸು ಎಂದು ಎವರಿಸ್ತೋಗೆ ಸನ್ನೆ ಮಾಡಿದೆ. ಹಿತ್ತಲ ಬಾಗಿಲಿಂದ ನುಗ್ಗಿ, ಮಗುವನ್ನು ಎತ್ತಿಕೊಂಡು, ಕೋಳಿಗಳನ್ನು ಚದುರಿಸುತ್ತ, ಮಂಡಿನೋವು ಮರೆತು ಬೀದಿಯ ಕೊನೆಯ ಮನೆಗೆ ಓಡಿದೆ. ನಡುವೆ ಇನ್ನೂ ಹದಿಮೂರು ಮನೆ ಇದ್ದವು. ಅವಳು ಒಂದನ್ನೂ ಬಿಡದೆ ಹುಡುಕಿದಳು. ಭಾನುವಾರದ ಬಸ್ಸು ಅವಳನ್ನು ಬಿಟ್ಟೇ ಹೋಯಿತು.