ಕ್ರೇಲ್‌ನ ಎಡಗೆನ್ನೆ

ಹೆಸರುಗಳು ಮೇಲೇರುತ್ತಿವೆ, ಕಪ್ಪು ಪರದೆಯ ಮೇಲೆ ಬಿಳಿ ಇರುವೆಸಾಲು, ಬಡಗಿಗಳು, ದರ್ಜಿಗಳು, ಅಡುಗೆಯವರು, ಯಾರೋ ಕುದುರೆ ನೋಡಿಕೊಂಡವರು, ಒಬ್ಬರೂ ಎದ್ದಿಲ್ಲ, ಏಳುವುದೂ ಇಲ್ಲ, ಇಂಥ ಚಿತ್ರಕ್ಕೆ ಬಂದು ಕೊನೆಯ ಹೆಸರು ಹೋಗುವ ಮೊದಲೇ ಎದ್ದರೆ ಅವರು ನಮ್ಮವರೇ ಅಲ್ಲ, ಎಲ್ಲ ಮುಗಿದ ಮೇಲೆ ಒಂದು ತುಣುಕು ಬಚ್ಚಿಟ್ಟಿರುತ್ತಾರೆ, ಅದಕ್ಕಾಗಿ ಉಚ್ಚೆ ಕಟ್ಟಿಕೊಂಡಾದರೂ ಕೂರಬೇಕು — ನಡೀನ್‌ಗೆ ಇವತ್ತು ಆ ತುಣುಕು ಬೇಡ, ಬಂದರೆ ಬರಲಿ, ಅವಳಿಗೆ ಬೇಕಾದದ್ದು ಆಗಲೇ ಬಂದುಹೋಗಿದೆ, ಆ ಹೆಬ್ಬೆರಳು, ಕನ್ನಡಿಯ ಮುಂದೆ ಚಿತ್ರದ ಖಳ ಕ್ರೇಲ್‌ನ ಹೆಬ್ಬೆರಳು, ಸುಣ್ಣ ಬಳಿದಂತಿದ್ದ ಎಡಗೆನ್ನೆಯ ಮೇಲೆ ಇಟ್ಟು ಕೆಳಕ್ಕೆಳೆದ, ಒಂದೇ ಸಲ, ಬಿಳಿ ಹೋಯಿತು, ಅಡಿಯಲ್ಲಿ ಕಲೆ, ಅದೇ ಕಲೆ, ಹುಬ್ಬಿನಿಂದ ದವಡೆಯವರೆಗೆ ದ್ರಾಕ್ಷಾರಸ ಚೆಲ್ಲಿದಂಥದ್ದು. ಇದೆ. ಹೋಗಿಲ್ಲ. ಅಬ್ಬಾ ದೇವರೇ, ಇದ್ದೇ ಇದೆ.

ಬಿಳಿ ಅನ್ನುವುದು ಬರೀ ಪುಡಿ, ಅರಮನೆಯೊಳಗೆ ನುಸುಳಲು ಹಚ್ಚಿಕೊಂಡ ವೇಷ, ಇಷ್ಟೇ ಸಂಗತಿ, ಇಷ್ಟಕ್ಕೆ ಮಾರ್ಚಿನಿಂದ ಅವಳ ನಿದ್ದೆ ಹಾಳಾಗಿತ್ತು, ಮಾರ್ಚಿನಲ್ಲಿ ಜಾಹೀರಾತಿನ ತುಣುಕು ಬಂತು, ಬಿಳಿ ಮುಖದ ಕ್ರೇಲ್, ಕೆನ್ನೆಯ ಮೇಲೆ ಹೆಬ್ಬೆರಳು, ಅಷ್ಟಕ್ಕೇ ಕತ್ತರಿಸಿಬಿಟ್ಟಿದ್ದರು ಪುಣ್ಯಾತ್ಮರು, ಆಮೇಲೆ ಪ್ರತಿ ಬುಧವಾರ, ಹೊಸ ಕಾಮಿಕ್ಸ್ ಬರುವ ದಿನ, ಆರ್ಲೊನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ, ಆರ್ಲೊ ಗಲ್ಲಾದ ಹಿಂದೆ ಗಡ್ಡ ಕೆರೆಯುತ್ತ, ಲಾಮಾಂಟ್ ಅಂಚೆಯ ಚೀಲ ಇಳಿಸಿದವನೇ ನೇರ ಅಲ್ಲಿಗೆ, ನೋಡ್ರೋ, ಮೊದಲ್ನೇ ಚಿತ್ರದಲ್ಲಿ ಕಲೆ ಅರ್ಧ ಮುಖ, ಎರಡ್ನೇದ್ರಲ್ಲಿ ಕಿವಿ ಹತ್ರ ಒಂದಿಷ್ಟು, ಈಗ ಪೂರ್ತಿ ಸೊನ್ನೆ, ವಾಸಿ ಆಗಿದೆ ಅವನಿಗೆ, ಅಂದ್ರೆ ಒಳ್ಳೆಯವನಾಗ್ತಾನೆ, ಬರ್ಕೊಡ್ಲಾ? ಅಂತ ಆರ್ಲೊ. ಥೂ ನಿನ್ನ ತಲೆ, ಅದು ಅವನ ಅವಳಿ ತಮ್ಮ ಕಣೋ, ಅಂತ ಲಾಮಾಂಟ್. ತಮ್ಮ ಅಂತೆ ತಮ್ಮ, ಕೋಟಿಗಟ್ಲೆ ಕೊಟ್ಟು ಚೆಂದದ ನಟನನ್ನ ಹಾಕ್ಕೊಂಡು ಮುಖಕ್ಕೆ ಮಸಿ ಬಳೀತಾರಾ ಮಾರಾಯ, ಅದಕ್ಕೇ ಸಲಸಲಕ್ಕೂ ಒರೆಸ್ತಾ ಬಂದಿದ್ದು — ಹೆಬ್ಬೆರಳು ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೋ ಎಂದು ಒಂದು ಮಧ್ಯಾಹ್ನವಿಡೀ ಫೋನಿನಲ್ಲಿ ಚಿತ್ರ ನಿಲ್ಲಿಸಿ ನಿಲ್ಲಿಸಿ ಕಚ್ಚಾಡಿದ್ದರು, ಉಗುರಿನ ಮೇಲಿನ ಬೆಳಕು ನೋಡೋ ಅಂತ ಒಬ್ಬ, ನಿನಗೆ ಕಣ್ಣಿಲ್ವಾ ಅಂತ ಇನ್ನೊಬ್ಬ, ಕಣ್ಣಿನ ಮಾತು ಬಂದರೆ ನಡೀನ್ ಕಡೆ ತಿರುಗುವುದು ವಾಡಿಕೆ, ಕನ್ನಡಕದ ಅಂಗಡಿಯವಳಲ್ಲವೇ, ನೀನೇ ಹೇಳಮ್ಮ, ಅವಳು ನಕ್ಕು, ನನಗೇನು ಗೊತ್ತು, ಅಂದಿದ್ದಳು. ಒಂದು ಬುಧವಾರ ಮಾತ್ರ ಬಾಯಿ ಜಾರಿತು. ಒಳ್ಳೆಯವನಾಗೋಕೆ ಮುಖ ಯಾಕೋ ತೊಳ್ಕೋಬೇಕು? ಇಬ್ಬರೂ ಕಣ್ಣು ಕಣ್ಣು ಬಿಟ್ಟರು. ಜನಕ್ಕೆ ಗೊತ್ತಾಗ್ಬೇಕಲ್ಲ ನಡೀನ್, ಅಂದ ಆರ್ಲೊ, ಪಾಪ, ಕೆಟ್ಟ ಮನಸ್ಸಿನವನಲ್ಲ, ಲೋಕರೂಢಿ ಹೇಳಿದ, ಅವಳು ಆರ್ಲೊ ತನ್ನ ಹೆಸರು ಬರೆದು ಎತ್ತಿಡುವ ಡಬ್ಬದಿಂದ ಆ ವಾರದ ಪುಸ್ತಕ ತೆಗೆದುಕೊಂಡು ಹೊರಟುಬಿಟ್ಟಳು, ಕಾರಿನಲ್ಲಿ ಕೂತು ಅತ್ತಳು, ಅತ್ತರೆ ಕ್ರೀಮು ಕದಡುತ್ತದೆ ಎಂದು ತಲೆ ಹಿಂದಕ್ಕೆ ಚೆಲ್ಲಿ ಅತ್ತಳು, ಅದೂ ಒಂದು ಅಭ್ಯಾಸ.

ಅವರಿಗೆ ಗೊತ್ತಿಲ್ಲ, ಅವರಿಗೇನು, ಕೆಲಸದಲ್ಲಿ ಜೊತೆಗೆ ನಿಲ್ಲುವವರಿಗೂ ಗೊತ್ತಿಲ್ಲ, ಬೆಳಿಗ್ಗೆ ಎರಡು ಪದರ ಕ್ರೀಮು, ಮೇಲೆ ಪುಡಿ, ಹೈಸ್ಕೂಲಿನಿಂದ ವರ್ಷಕ್ಕೊಂದು ಶನಿವಾರ ಬಿಟ್ಟರೆ ಒಂದು ದಿನ ತಪ್ಪಿಲ್ಲ, ಅವಳಿಗೂ ಹುಟ್ಟಿನಿಂದ ಅದೇ ಕಲೆ, ಎಡಗೆನ್ನೆ, ಹುಬ್ಬಿನಿಂದ ದವಡೆಯವರೆಗೆ — ಬೂಶಾ ಹೇಳುತ್ತಿದ್ದಳು, ಬೂಶಾ ಅಂದರೆ ಅಜ್ಜಿ, ಲಗ್ರಾಂಜ್ ಬೀದಿಯ ಪೋಲಿಷ್ ಮನೆಗಳಲ್ಲೆಲ್ಲ ಅಜ್ಜಿ ಬೂಶಾಳೇ — ಹಿಟ್ಟು ಮೆತ್ತಿದ ಕೈ ಏಪ್ರನ್ನಿಗೆ ಒರೆಸುತ್ತ, ನಿಮ್ಮಮ್ಮ ಬಸುರಿ ಇದ್ದಾಗ ಪಕ್ಕದ ಮನೆ ಗ್ಯಾರೇಜಿಗೆ ಬೆಂಕಿ ಬಿತ್ತು ಕಂದಾ, ಬಸುರಿ ಬೆಂಕಿ ನೋಡಬಾರದು, ನೋಡಿದರೂ ಮೈ ಮುಟ್ಟಿಕೋಬಾರದು, ಇವಳು ಅಯ್ಯೋ ಅಂತ ಕೆನ್ನೆ ಹಿಡ್ಕೊಂಡ್ಲು, ಅದು ನಿನಗೆ ಬಂತು. ಅಮ್ಮ ಹಾಗೆ ಕೆನ್ನೆ ಹಿಡಿದಾಗ ಹೆಬ್ಬೆರಳು ಎಲ್ಲಿತ್ತು, ಚಿಕ್ಕವಳಿದ್ದಾಗ ಕನ್ನಡಿಯಲ್ಲಿ ಹುಡುಕುತ್ತಿದ್ದಳು, ದವಡೆಯ ಹತ್ತಿರ ಒಂದು ಉದ್ದನೆಯ ಮಚ್ಚೆ, ಇದೇ ಇರಬೇಕು ಅಮ್ಮನ ಹೆಬ್ಬೆರಳು, ಅಂದುಕೊಂಡು ತನ್ನದನ್ನು ಅದರ ಮೇಲಿಟ್ಟು ನೋಡುವುದು. ಶಾಲೆಯಲ್ಲಿ ಹೆಸರುಗಳಿಗೆ ಬರವಿರಲಿಲ್ಲ, ಜಾಮ್ ಅಂದರು, ಬೀಟ್ರೂಟ್ ಅಂದರು, ಆಮೇಲೆ ಒಂದು ದಿನ ಔಷಧಿ ಅಂಗಡಿಯಲ್ಲಿ ತಿರುಗುವ ಕಂಬಿಗೆ ಸಿಕ್ಕಿಸಿದ್ದ ಪುಸ್ತಕ, ಮುಖಪುಟದ ಮೇಲೆ ಕ್ರೇಲ್, ಅವಳದೇ ಮುಖ, ಉದ್ದ ಕರಿಕೋಟು, ಮೇಲೆತ್ತಿದ ಗದ್ದ, ಕೆಟ್ಟವನು, ಹೌದು, ಊರು ಸುಡುವವನು, ಇರಲಿ, ಆದರೆ ಯಾವ ಪುಟದಲ್ಲೂ ಮುಖ ಮುಚ್ಚಿಕೊಂಡವನಲ್ಲ.

ಅದಕ್ಕೇ ಆ ಶನಿವಾರ. ಅವರೂರು ಟೊಲಿಡೊದ ಕಾಮಿಕ್ಸ್ ಮೇಳ, ವರ್ಷಕ್ಕೊಮ್ಮೆ, ಎಲ್ಲರೂ ತಮ್ಮ ತಮ್ಮ ಪಾತ್ರದ ವೇಷದಲ್ಲಿ ಬರುವ ದಿನ, ಅವಳು ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಾಳೆ, ಅಷ್ಟೆ, ಕೋಟು ಹಾಕುತ್ತಾಳೆ, ಬೀದಿಗೆ ಬರುತ್ತಾಳೆ, ಗಾಳಿ ನೇರ ಕೆನ್ನೆಗೆ ತಾಗುತ್ತದೆ, ಮೂರು ನದಿ ದಾಟಿ ಬಂದ ಗಾಳಿಯೋ ಎನ್ನುವಷ್ಟು ತಂಪು, ಅಪರಿಚಿತರು ಬೆರಳು ತೋರಿಸುತ್ತಾರೆ, ಕ್ರೇಲ್! ಕ್ರೇಲ್! ಒಂದು ಫೋಟೊ! ಮತ್ತೆ ಬಹುಮಾನ, ಅತ್ಯುತ್ತಮ ಮೇಕಪ್, ಪ್ರತಿ ವರ್ಷ ಅದೇ, ಒಮ್ಮೆ ಒಬ್ಬ ತೀರ್ಪುಗಾರ್ತಿ ಮೂಗು ತಾಗುವಷ್ಟು ಹತ್ತಿರ ಬಂದು, ಅಂಚು ನೋಡಿ, ಅಂಚು! ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗಲ್ಲ, ಎಂಥ ಕೈಚಳಕ! ಅಂದಿದ್ದಳು, ನಡೀನ್‌ಗೆ ನಗು ತಡೆಯಲು ನಾಲಿಗೆ ಕಚ್ಚಿಕೊಳ್ಳಬೇಕಾಯಿತು, ಲಾಮಾಂಟ್ ದುಂಬಾಲು ಬಿದ್ದಿದ್ದ, ಯಾವ ಬಣ್ಣ ಹಾಕ್ತೀಯ ಹೇಳೇ ತಾಯಿ, ಸಾಯೋವರ್ಗೂ ಯಾರಿಗೂ ಬಾಯಿ ಬಿಡಲ್ಲ, ಅವಳು, ಅದು ನಮ್ಮ ಬೂಶಾ ಕಡೆಯ ಗುಟ್ಟು, ಹೇಳೋ ಹಾಗಿಲ್ಲ, ಅಂದಿದ್ದಳು, ಸುಳ್ಳೇನಲ್ಲವಲ್ಲ. ವರ್ಷಕ್ಕೆ ಆ ಒಂದೇ ದಿನ ಬರಿಮುಖ. ಕ್ರೇಲ್ ಬಿಳಿಯಾಗಿಬಿಟ್ಟಿದ್ದರೆ ಆ ದಿನವೂ ಹೋಗುತ್ತಿತ್ತು, ನಾಡಿದ್ದು ಮೇಳದ ತುಂಬ ಬಿಳಿ ಕ್ರೇಲ್‌ಗಳು, ನಡುವೆ ಇವಳೊಬ್ಬಳು, ಯಾಕಮ್ಮ ಹಳೇದನ್ನೇ ಹಾಕ್ಕೊಂಡ್ ಬಂದಿದ್ದೀಯ, ಹೊಸ ಚಿತ್ರ ನೋಡ್ಲಿಲ್ವಾ, ಈಗ ವಾಸಿ ಆಯ್ತಲ್ಲ — ವಾಸಿ, ಆ ಮಾತು, ಆ ಮಾತಿಗೇ ಅವಳು ಹೆದರಿದ್ದು.

ಹೆಸರುಗಳು ಇನ್ನೂ ಏರುತ್ತಿವೆ, ಈಗ ಬಣ್ಣದವರದು, ಮುಖಕ್ಕೆ ಬಣ್ಣ ಹಚ್ಚಿದವರ ಉದ್ದ ಪಟ್ಟಿ, ಎಷ್ಟೊಂದು ಜನ ಸೇರಿ ಒಂದು ಕೆನ್ನೆ ಮಾಡಿದ್ದಾರೆ, ನಿಮ್ಮ ಹೊಟ್ಟೆ ತಣ್ಣಗಿರಲಿ, ಅರಮನೆಯಲ್ಲಿ ಸೆರೆಯಿದ್ದ ಮಕ್ಕಳಿಗೆ ಬಾಗಿಲು ತೆರೆದವನು ಕ್ರೇಲ್ ಅಲ್ಲವೇ, ಎಲ್ಲರೂ ಓಡಿಹೋದ ಮೇಲೆ ಬೆಂಕಿಗೆ ಬೆನ್ನು ಕೊಟ್ಟು ನಿಂತವನು, ಅದೂ ಪುಡಿ ಒರೆಸಿಕೊಂಡ ಮೇಲೆ, ಮೊದಲು ಒರೆಸಿಕೊಂಡ, ಆಮೇಲೆ ತೆರೆದ, ಜನಕ್ಕೆ ಗೊತ್ತಾಗ್ಬೇಕಲ್ಲ ಅಂದೆಯಲ್ಲ ಆರ್ಲೊ, ಗೊತ್ತಾಯಿತೇ ಈಗ — ಎಡಕ್ಕೆ ಆರ್ಲೊ ಗಡ್ಡದೊಳಗೆ ಸೊರಸೊರ ಎನ್ನುತ್ತಿದ್ದಾನೆ, ಅಳುತ್ತಿದ್ದಾನೆ, ನೆಗಡಿ ಕಣೆ, ಅನ್ನುತ್ತಾನೆ ಕೇಳುವ ಮೊದಲೇ. ಅವಳ ಕಣ್ಣೂ ತುಂಬಿದೆ, ತಲೆ ಹಿಂದಕ್ಕೆ ಚೆಲ್ಲುವುದು ಮರೆತುಹೋಗಿದೆ, ನೀರು ಇಳಿಯುತ್ತಿದೆ, ಹೆಬ್ಬೆರಳಿನಿಂದ ಒರೆಸಿಕೊಂಡಳು, ಒರೆಸಿದ ಮೇಲೆ ಗೊತ್ತಾಯಿತು ಬೆರಳ ತುಂಬ ಪಾಪ್‌ಕಾರ್ನಿನ ಬೆಣ್ಣೆ, ಜಿಡ್ಡು ತಾಗಿದರೆ ಆ ಕ್ರೀಮು ನಿಲ್ಲುವುದಿಲ್ಲ, ಜಾರಿತು, ಬೆರಳಲ್ಲಿ ಮುದ್ದೆಯಾಗಿ ಬಂದಿದೆ, ಮೈಬಣ್ಣದ ಮುದ್ದೆ. ಚೀಲದಲ್ಲಿ ಟ್ಯೂಬಿದೆ, ಯಾವಾಗಲೂ ಇರುತ್ತದೆ, ದೀಪ ಹತ್ತುವುದರೊಳಗೆ ಕತ್ತಲಲ್ಲೇ ತಿದ್ದಿಕೊಳ್ಳಬಹುದು, ಕೈಗೆ ದಾರಿ ಗೊತ್ತು, ಚೀಲದ ಜಿಪ್ಪಿನವರೆಗೆ ಹೋಯಿತು ಕೈ, ಹೋಗಿ ನಿಂತಿತು, ಶನಿವಾರ ನಾಡಿದ್ದು, ಇವತ್ತು ಬರೀ ಗುರುವಾರ, ಗುರುವಾರ ಆದರೇನಂತೆ.

ಇನ್ನೊಮ್ಮೆ ಎಳೆದಳು, ಕಣ್ಣಿನಡಿಯಿಂದ ಕೆಳಕ್ಕೆ, ತಣ್ಣನೆಯ ಗಾಳಿ, ಏಸಿಯದು, ಕೆನ್ನೆಗೆ ತಾಗಿತು. ಬಲಕ್ಕೆ ಲಾಮಾಂಟ್ ಬಗ್ಗಿ ನೋಡುತ್ತಾನೆ, ಏನೇ ನಡೀನ್ ಇದು, ಶನಿವಾರದವರ್ಗೂ ತಡ್ಕೊಳ್ಳೋಕಾಗ್ಲಿಲ್ವಾ, ಕತ್ತಲಲ್ಲೇ ಮೇಕಪ್ ಹಾಕ್ಕೋತಿದೀಯಾ? ಹಾಕ್ಕೋತಿಲ್ಲ ಕಣೋ, ತೆಗೀತಿದೀನಿ. ಅವನ ನಗು ಅರ್ಧಕ್ಕೆ ನಿಂತಿತು, ಅವಳ ಬೆರಳು ನೋಡಿದ, ಕೆನ್ನೆ ನೋಡಿದ, ಮತ್ತೆ ಬೆರಳು, ಅಷ್ಟೂ ವರ್ಷದ ಬಹುಮಾನಗಳು ಅವನ ಕಣ್ಣಲ್ಲಿ ಒಂದೊಂದೇ ತಿರುಗಿ ಬೀಳುವುದು ಕಾಣುತ್ತಿತ್ತು, ಏನು ಹೇಳುತ್ತಾನೋ, ಅಯ್ಯೋ ಪಾಪ ಅನ್ನಬೇಡ, ದಮ್ಮಯ್ಯ, ಅದೊಂದು ಬೇಡ — ಕಳ್ಳಿ, ಅಂದ ಲಾಮಾಂಟ್, ಮೂರು ವರ್ಷದಿಂದ ನಾನು ಎರಡ್ನೇ ಬಹುಮಾನ ಕಣೇ. ಅಂದು ತನ್ನ ಪಾಪ್‌ಕಾರ್ನಿನ ಡಬ್ಬ ಅವಳ ಮಡಿಲಿಗೆ ತಳ್ಳಿದ, ತಳದಲ್ಲಿ ಬೆಣ್ಣೆ ಇದೆ, ಬೇಕಾದಷ್ಟು ತಗೋ. ಶ್! ಅಂದ ಆರ್ಲೊ, ತುಣುಕು ಬರುತ್ತೆ ಸುಮ್ನಿರ್ರೋ. ಕೊನೆಯ ಹೆಸರೂ ಹೋಯಿತು, ಪರದೆ ಕಪ್ಪಾಯಿತು, ಕಾದರು, ಏನೂ ಬರಲಿಲ್ಲ, ಮೂಲೆಯ ದೀಪಗಳು ಒಂದೊಂದಾಗಿ ಹತ್ತತೊಡಗಿದವು, ಅವಳು ಗದ್ದ ಮೇಲೆತ್ತಿದಳು, ಹೆಬ್ಬೆರಳು ದವಡೆಯ ಹತ್ತಿರದ ಆ ಉದ್ದ ಮಚ್ಚೆಯವರೆಗೆ ಬಂದು ಅದರ ಮೇಲೆ ಕೂತಿದೆ, ಸರಿಯಾಗಿ ಕೂತಿದೆ, ಕ್ರೇಲ್‌ನದು, ಅಮ್ಮನದು, ತನ್ನದು, ಹೆಬ್ಬೆರಳು, ಎಡಗೆನ್ನೆಯ ಮೇಲೆ ಹೆಬ್ಬೆರಳು.