ದೊಡ್ಡ ಲೇಖನಿಗೆ ಬಿಟ್ಟ ಪ್ಯಾರಾ

ಅಮೆರಿಕದ ಶಾಮ್‌ಬರ್ಗ್‌ನ ಕನ್ನಡ ಕೂಟಕ್ಕೆ ಮೂವತ್ತು ವರ್ಷ ತುಂಬಿತು. ಸ್ಮರಣ ಸಂಚಿಕೆಗೆ ಕೂಟದ ಚರಿತ್ರೆ ಬರೆಯುವ ಕೆಲಸ ನೀಲಾಂಬಿಕಾಳ ಕೊರಳಿಗೆ ಬಿತ್ತು. ಅವಳು ಕಾಲೇಜಿನಲ್ಲಿ ರೋಮಿನ ಕೊನೆಗಾಲದ ಚರಿತ್ರೆಕಾರರ ಬಗ್ಗೆ ಪಾಠ ಹೇಳುವವಳು. ಸಾವಿರದ ಆರುನೂರು ವರ್ಷ ಹಿಂದಿನ ಜಗಳಗಳನ್ನೇ ಬಲ್ಲವಳಿಗೆ ನಮ್ಮ ಮೂವತ್ತು ವರ್ಷದ್ದು ಯಾವ ಮಹಾ ಎಂದು ಎಲ್ಲರೂ ಅಂದುಕೊಂಡರು.

"ಎರಡೇ ಪುಟ ಕಣಮ್ಮ. ಅಧ್ಯಕ್ಷರ ಹೆಸರು, ಸಾಧನೆ, ಅಷ್ಟೇ," ಎಂದರು ಈಗಿನ ಅಧ್ಯಕ್ಷ ರಾಜಶೇಖರ್. "ಅಡುಗೆ ಮಾಡ್ದೋರು, ಕುರ್ಚಿ ಜೋಡ್ಸಿದೋರು ಎಲ್ಲಾ ಚರಿತ್ರೆಗೆ ಬೇಡ."

ಅಡುಗೆ ಮಾಡಿದವರೆಂದರೆ ಪದ್ಮ ಆಂಟಿ. ಇಪ್ಪತ್ತೆಂಟು ವರ್ಷ ಕೂಟದ ಹಬ್ಬಗಳಿಗೆಲ್ಲ ತಾವೇ ನಿಂತು ಹೋಳಿಗೆ ಮಾಡಿದವರು. ರಾಜಶೇಖರ್ ಅಧ್ಯಕ್ಷರಾಗಿ ಬಂದವರೇ ಅವರಿಗೊಂದು ಮಾತೂ ಹೇಳದೆ ಕೇಟರಿಂಗ್‌ನವರನ್ನು ಕರೆಸಿದರು. ಆಂಟಿ ಲಟ್ಟಣಿಗೆ ಎತ್ತಿಕೊಂಡು ಡಿಯರ್‌ಬಾರ್ನ್‌ನ ಮಗಳ ಮನೆ ಸೇರಿಬಿಟ್ಟರು. ನೀಲಾಂಬಿಕಾ ಓದಲು ಬಂದ ಮೊದಲ ಚಳಿಗಾಲದಲ್ಲಿ ಕರೆದು ಊಟ ಹಾಕಿದ್ದು ಆ ಆಂಟಿಯೇ. ಅವರಿಲ್ಲದ ಹಬ್ಬ ಅವಳಿಗೆ ಹಬ್ಬವೇ ಅನ್ನಿಸುತ್ತಿರಲಿಲ್ಲ.

ರಾಜ್ಯೋತ್ಸವದ ದಿನ ಚರಿತ್ರೆಯನ್ನು ಸಭೆಯಲ್ಲಿ ಓದುವುದಿತ್ತು. ಅದಕ್ಕೆ ಆಂಟಿಯನ್ನು ಕರೆಯಲು ಡ್ರೈವ್ ಮಾಡಿಕೊಂಡು ಹೋದಳು.

"ನನ್ನ ಹೆಸರೇ ಇಲ್ದಿರೋ ಚರಿತ್ರೆ ಕೇಳಕ್ಕೆ ಇನ್ನೂರೆಂಬತ್ತು ಮೈಲಿ ಬರ್ಬೇಕೇನಮ್ಮ?" ಎಂದರು ಆಂಟಿ.

"ಇರ್ತದರಿ ಆಂಟಿ, ಹೆಸರು ಇದ್ದೇ ಇರ್ತದ," ಎಂದುಬಿಟ್ಟಳು ನೀಲಾಂಬಿಕಾ. ಮಾತು ಕೊಟ್ಟಾಗಿತ್ತು. ಉಳಿಸಿಕೊಳ್ಳುವುದು ಹೇಗೆಂದು ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದಳು.

ದಾರಿ ತೋರಿಸಿದವರು ಅವಳ ರೋಮನ್ನರೇ. ಆಗಿನ ಚಕ್ರವರ್ತಿಗಳಿಗೆ ಓದಲು ಪುರುಸೊತ್ತು ಎಲ್ಲಿಯದು! ಅದಕ್ಕೇ ಕೆಲವರು ಇಡೀ ರೋಮಿನ ಚರಿತ್ರೆಯನ್ನು ಪುಟ್ಟ ಪುಸ್ತಕಕ್ಕೆ ಇಳಿಸಿಕೊಡುತ್ತಿದ್ದರು, ಒಬ್ಬೊಬ್ಬ ದೊರೆಗೆ ನಾಲ್ಕು ಸಾಲು. ಬದುಕಿರುವ ದೊರೆಯ ಸರದಿ ಬಂದಾಗ, 'ಇವರನ್ನು ವರ್ಣಿಸಲು ನನಗಿಂತ ದೊಡ್ಡ ಲೇಖನಿ ಬೇಕು' ಎಂದು ಕೈಮುಗಿದು ಜಾರಿಕೊಳ್ಳುತ್ತಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನೀಲಾಂಬಿಕಾ ಕೂಟದ ಚರಿತ್ರೆಯನ್ನೂ ಹಾಗೆಯೇ ಬರೆದಳು. ರಾಜಶೇಖರ್ ಕರಡು ತರಿಸಿಕೊಂಡು ನೇರವಾಗಿ ತಮ್ಮ ಪ್ಯಾರಾಕ್ಕೆ ಹೋದರು. ಮುಖ ಅರಳಿತು.

"ದೊಡ್ಡ ಲೇಖನಿ! ಆಹಾ, ಇದನ್ನ ಸ್ಟೇಜ್ ಮೇಲೆ ನಾನೇ ಓದ್ತೀನಿ."

ಅದಕ್ಕೂ ಮೊದಲಿನ ಸಾಲುಗಳತ್ತ ಕಣ್ಣೂ ಹಾಯಿಸಲಿಲ್ಲ. ಹಾಯಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ರಾಜ್ಯೋತ್ಸವದ ದಿನ ಮುನ್ನೂರು ಜನರೆದುರು ಅವರು ಓದತೊಡಗಿದರು. "ಶ್ಯಾಮ್ ಎರಡು ವರ್ಷ ಆಳಿದರು. ಹಿಮ ಬಿದ್ದು ರಸ್ತೆ ಮುಚ್ಚಿತು. ಪದ್ಮ ಅವರು ಮುನ್ನೂರು ಹೋಳಿಗೆ ಮಾಡಿದರು. ಲತಾಶ್ರೀ ಒಂದು ವರ್ಷ ಆಳಿದರು. ಮೈಕ್ ಕೆಟ್ಟಿತು. ಪದ್ಮ ಅವರು ನಾನೂರು ಹೋಳಿಗೆ ಮಾಡಿದರು."

ರಾಜಶೇಖರ್ ಪುಟ ಮಗುಚಿ ನೋಡಿದರು, ಮುಂದೆಯೂ ಹೋಳಿಗೆಯೇ. ನಿಲ್ಲಿಸಿದರೆ ತಮ್ಮ ಪ್ಯಾರಾ ಬರುವುದಿಲ್ಲವಲ್ಲ! ನಾಲ್ಕನೆಯ ಅಧ್ಯಕ್ಷರ ಹೊತ್ತಿಗೆ ಹೋಳಿಗೆಯ ಸಾಲನ್ನು ಸಭೆಯೇ ಒಕ್ಕೊರಲಿನಿಂದ ಹೇಳತೊಡಗಿತು.

"ಈಗ ರಾಜಶೇಖರ್ ಆಳುತ್ತಿದ್ದಾರೆ. ಇವರ ಕಾಲವನ್ನು ವರ್ಣಿಸಲು ದೊಡ್ಡ ಲೇಖನಿ ಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ."

ಹೋಳಿಗೆಯ ಸಾಲಿಗೆ ಬಾಯಿ ತೆರೆದ ಸಭೆ ಹಾಗೇ ಕಾಯಿತು. ಸಾಲು ಬರಲಿಲ್ಲ. ಮುನ್ನೂರು ತಲೆಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಪದ್ಮ ಆಂಟಿಯತ್ತ ತಿರುಗಿದವು.

ರಾಜಶೇಖರ್ ಕನ್ನಡಕ ತೆಗೆದರು. "ತಪ್ಪಾಯ್ತು ಪದ್ಮಕ್ಕ. ಯುಗಾದಿಗೆ ಐನೂರು ಆಗುತ್ತಾ?"

"ಮೊದ್ಲು ಅದ್ನ ಚರಿತ್ರೇಲಿ ಬರ್ಕೊಳಪ್ಪ," ಎಂದರು ಆಂಟಿ. "ಆಮೇಲೆ ಬೇಳೆ ಬೇಯಕ್ಕೆ ಇಡ್ತೀನಿ."

ಅಧ್ಯಕ್ಷರು ಜೇಬು ತಡವಿದರು, ಪೆನ್ನೇ ಇರಲಿಲ್ಲ. ನೀಲಾಂಬಿಕಾ ತನ್ನ ಸಣ್ಣ ಬಾಲ್‌ಪೆನ್ ಹಿಡಿದು ಸ್ಟೇಜಿನ ಕಡೆ ಓಡಿದಳು.