ವೈಂಡಿಂಗ್ ಹೋಗಿದೆ, ತಾಯಿ

ದ್ವೀಪದೂರಾದ ಲಂಬಾಸಾದಲ್ಲಿ ಮಿಕ್ಸಿ, ಫ್ಯಾನು, ಪಂಪುಗಳು ಸತ್ತವೆಂದು ಸಾರುವ ಹಕ್ಕು ಇದ್ದದ್ದು ಒಬ್ಬ ಅಂಬಿಕಾ ಪ್ರಸಾದನಿಗೆ ಮಾತ್ರ. ಊರು ಅವನನ್ನು ಡಾಕ್ಟರ್ ಅನ್ನುತ್ತಿತ್ತು. ಊರು ಕರೆದದ್ದು ತಮಾಷೆಗೆ. ಅವನು ಮಾತ್ರ ಮೊದಲ ದಿನದಿಂದಲೇ ಅದನ್ನು ಪದವಿಯೆಂದು ಸ್ವೀಕರಿಸಿ, ಎದೆಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಓಡಾಡತೊಡಗಿದ್ದ. ಹೆಂಡತಿ ಸುಖದೇಯಿಗೆ ಆ ಪೆನ್ನುಗಳನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅವನ ವೈದ್ಯವೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ. ಮೋಟರಿನೊಳಗೆ ಸುತ್ತಿದ ತಾಮ್ರದ ತಂತಿ, ಅಂದರೆ ವೈಂಡಿಂಗ್, ಹೊರಗಿನ ಕಬ್ಬಿಣಕ್ಕೆ ತಗುಲಿರಬಾರದು. ಅದನ್ನು ನೋಡಲು ಮೀಟರಿನ ಒಂದು ಕಡ್ಡಿಯನ್ನು ತಂತಿಯ ತುದಿಗೆ, ಇನ್ನೊಂದನ್ನು ಕಬ್ಬಿಣಕ್ಕೆ ಒತ್ತಬೇಕು. ಮುಳ್ಳು ಸುಮ್ಮನಿದ್ದರೆ ಮೋಟರು ಕ್ಷೇಮ, ಎದ್ದರೆ ವೈಂಡಿಂಗ್ ಹೋಗಿದೆ. ಎರಡು ವರ್ಷದಿಂದ ಡಾಕ್ಟರ ಮುಂದೆ ಮುಳ್ಳು ಸುಮ್ಮನೆ ಕೂತದ್ದೇ ಇಲ್ಲ. ಅದಕ್ಕೂ ಮುಂಚೆ ಒಮ್ಮೆ, ಅಮಲಿಗೆಂದು ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಗಂಟನ್ನು ಒಡೆಯಲು ಆ ಕಡ್ಡಿಗಳನ್ನೇ ಉಳಿಯ ಹಾಗೆ ಬಳಸಿ, ಹಿಡಿಯ ಪ್ಲಾಸ್ಟಿಕ್ ಚೂರಾಗಿತ್ತು. ಅಂದಿನಿಂದ ಬರಿಯ ಲೋಹವನ್ನೇ ಚಿವುಟಿ ಹಿಡಿದು ಪರೀಕ್ಷೆ. ‘ಕಡ್ಡಿ ಬೆರಳಿಗೆ ತಾಗಿದರೇ ನಾಡಿ ಸಿಗೋದು’ ಎಂದು ಬೇರೆ ಹೇಳುತ್ತಿದ್ದ, ಪುಣ್ಯಾತ್ಮ!

ಸತ್ತ ಯಂತ್ರಗಳೆಲ್ಲ ಅಂಗಡಿಯ ಹಿತ್ತಲಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಗುಡ್ಡೆಯ ತಳದಲ್ಲಿದ್ದದ್ದು ಸುಖದೇಯಿಯದೇ ಮಿಕ್ಸಿ, ಅವಳ ಅಣ್ಣ ರಾಜಧಾನಿ ಸುವಾದಿಂದ ತಂದುಕೊಟ್ಟದ್ದು. ಅದು ಸತ್ತ ಮೇಲೆ ಮಸಾಲೆಯನ್ನೆಲ್ಲ ಅವಳು ಕಲ್ಲಿನ ಮೇಲೇ ಅರೆಯುತ್ತಿದ್ದಳು. ಬಲಗೈ ರಟ್ಟೆ ರಾತ್ರಿಯೆಲ್ಲ ಸೆಳೆಯುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಮೆರೆಸೇನಿ ಬಾಡಿಗೆ ಗಾಡಿಯಲ್ಲಿ ಫ್ರೀಜರು ಹೇರಿಕೊಂಡು ಬಂದಳು. ಮಾರುಕಟ್ಟೆಯಲ್ಲಿ ಸುಖದೇಯಿ ಬೆಂಡೆಕಾಯಿ ಮಾರುವ ಕಟ್ಟೆಯ ಪಕ್ಕದಲ್ಲೇ ಅವಳು ಮೀನು ಮಾರುತ್ತಿದ್ದವಳು. ಮರುದಿನ ಶನಿವಾರಕ್ಕೆ ಅವಳ ತಾಯಿ ತೀರಿಕೊಂಡ ನೂರನೆಯ ರಾತ್ರಿ. ಅಂದು ಹಳ್ಳಿಗೆ ಹಳ್ಳಿಯೇ ಕೂತು ಉಣ್ಣಬೇಕು. ಊಟ ಆದಮೇಲೇ ಮನೆಯವರ ಸೂತಕ ಬಿಡುವುದು. ತಮ್ಮಂದಿರು ವಾರವಿಡೀ ಸಮುದ್ರದಲ್ಲಿ ಬಿದ್ದು ಹಿಡಿದ ವಾಲು ಮೀನು ಈಗ ಐಸಿನ ಡಬ್ಬಗಳಲ್ಲಿತ್ತು.

“ಸಂಜೆ ತನಕ ಐಸ್ ತಡೀಬಹುದು ಅಕ್ಕ, ಅಷ್ಟೇ. ಇದು ಓಡದಿದ್ರೆ ಮೀನೆಲ್ಲ ಕೊಳೆತು ಹೋಗುತ್ತೆ. ನಾಳೆ ಅಮ್ಮನ ಹೆಸರಲ್ಲಿ ಜನಕ್ಕೆ ಏನ್ ಬಡಿಸ್ಲಿ, ಬರೀ ಗೆಣಸಾ?” ಎಂದು ಅಂಗಡಿ ಬಾಗಿಲಲ್ಲಿದ್ದ ಸುಖದೇಯಿಯ ಮುಂದೆ ಗೋಳಾಡಿದಳು.

ಬೇರೆಯವರ ಫ್ರೀಜರಿನಲ್ಲಿ ಇಡಬಹುದಿತ್ತಲ್ಲ ಎನ್ನುವಿರಾ? ನೆರೆಹೊರೆಯವರ ಫ್ರೀಜರುಗಳೆಲ್ಲ ಡಾಕ್ಟರ ಹಿತ್ತಲಿನಲ್ಲಿ ಚಿರನಿದ್ರೆಯಲ್ಲಿದ್ದವು!

ಒಳಗೆ ಡಾಕ್ಟರ್ ಪಕ್ಕದ ದರ್ಜಿ ಕುಪ್ಪುಸಾಮಿಯ ಜೊತೆ ಯಂಗೋನದ ಬೋಗುಣಿ ಮುಂದೆ ಕೂತಿದ್ದ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಮೊದಲು ಬೋಗುಣಿ, ಆಮೇಲೆ ರೋಗಿಗಳು. ಕುಪ್ಪುಸಾಮಿ ಕಂದುನೀರನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿ ತುಳುಕಿಸುತ್ತ ಕೊಟ್ಟ. ಡಾಕ್ಟರ್ ಅಲ್ಲಿಯ ವಾಡಿಕೆಯಂತೆ ಚಪ್ಪಾಳೆ ತಟ್ಟಿ ಇಸಿದುಕೊಂಡ, ಒಂದೇ ಗುಟುಕಿಗೆ ಕುಡಿದ, ಮತ್ತೆ ತಟ್ಟಿದ. ಮೊಣಕೈವರೆಗೂ ಯಂಗೋನ ಇಳಿಯುತ್ತಿತ್ತು. ಅದೇ ಕೈಯಲ್ಲಿ ಕಡ್ಡಿಗಳನ್ನು ಚಿವುಟಿಕೊಂಡು ಫ್ರೀಜರಿನ ಹಿಂದೆ ಕುಕ್ಕರಿಸಿದ.

ಮುಳ್ಳು ಚಂಗನೆ ಎದ್ದಿತು.

“ವೈಂಡಿಂಗ್ ಹೋಗಿದೆ, ತಾಯಿ,” ಎಂದ ಡಾಕ್ಟರ್. ಆ ಮಾತನ್ನು ಹೇಳುವಾಗ ಅವನ ದನಿ ತಾನಾಗಿ ತಗ್ಗುತ್ತಿತ್ತು.

“ಇನ್ನೊಂದ್ಸಲ ನೋಡು ಡಾಕ್ಟರ್ ಭಾಯ್, ನಿಂಗೆ ಕೈ ಮುಗೀತೀನಿ.”

“ನನ್ನ ಮೀಟರ್ ಸುಳ್ಳಾಡಲ್ಲ.”

“ಅಣ್ಣ ನೋಡಿದ್ಮೇಲೆ ಮುಗೀತಮ್ಮ,” ಎಂದು ಕುಪ್ಪುಸಾಮಿ ತಾಳ ಹಾಕಿದ. “ಯಮ ಬೇಕಾದ್ರೂ ಬಿಟ್ಟಾನು, ಅಣ್ಣ ಬಿಡಲ್ಲ.”

ಮೆರೆಸೇನಿ ಬಾಗಿಲ ಬಳಿ ಕುಸಿದು ಕೂತು ಅತ್ತಳು. ತೀರಿಕೊಂಡ ಆ ತಾಯಿಯ ಕೈಯಡಿಗೆ ಉಂಡವಳು ಸುಖದೇಯಿ. ಏನಾದರೂ ಮಾಡಿ ಎನ್ನಲು ಗಂಡನ ಕಡೆ ತಿರುಗಿದಳು. ಮಹಾಶಯ ‘ನಮ್ಮ ಕೈಯಲ್ಲೇನಿದೆ’ ಎನ್ನುವಂತೆ ಎರಡೂ ಕೈ ಮೇಲೆತ್ತಿದ್ದ. ಕೈಗೊಂದರಂತೆ ಕಡ್ಡಿಗಳು ಇನ್ನೂ ಬೆರಳಲ್ಲೇ ಇದ್ದವು. ಫ್ರೀಜರು ಎಲ್ಲೋ, ಕಡ್ಡಿ ಎಲ್ಲೋ, ಮುಳ್ಳು ಮಾತ್ರ ಎದ್ದು ನಿಂತೇ ಇತ್ತು.

“ರೀ, ಕಡ್ಡಿ ಗಾಳೀಲಿದೆ. ಮುಳ್ಳು ಯಾಕ್ರೀ ಇನ್ನೂ ಅಲ್ಲೇ ನಿಂತಿದೆ?”

ಡಾಕ್ಟರ್ ಮೀಟರು ನೋಡಿದ. “ಗಾಳೀಲಿ ತೇವ ಇದೆ ಕಣೇ. ನಿಂಗೆ ಇದೆಲ್ಲ ತಿಳಿಯಲ್ಲ.”

“ಓಹೋ! ಹಾಗಾದ್ರೆ ಲಂಬಾಸಾ ಗಾಳೀದೂ ವೈಂಡಿಂಗ್ ಹೋಗಿದೆ ಅನ್ನಿ. ಎಲ್ಲಿ, ಒಂದು ಕಡ್ಡಿ ಕೆಳಗೆ ಬಿಡಿ.”

ಬಿಟ್ಟ. ಮುಳ್ಳು ಮಲಗಿತು.

“ಈಗ ಹಿಡೀರಿ.”

ಹಿಡಿದ. ಮುಳ್ಳು ಎದ್ದಿತು. ಕುಪ್ಪುಸಾಮಿಯ ಕೈಯಲ್ಲಿದ್ದ ಚಿಪ್ಪು ಬಾಯಿಯ ಹತ್ತಿರಕ್ಕೆ ಹೋಗಿ ನಿಂತುಬಿಟ್ಟಿತು.

“ಅಣ್ಣ,” ಎಂದ ಅವನು ಮೆಲ್ಲಗೆ, “ನಿಂದೇ ಹೋಗಿದೆ ಅನ್ಸುತ್ತೆ.”

ಸುಖದೇಯಿ ಬಟ್ಟೆ ಒಣಹಾಕುವ ಎರಡು ಪ್ಲಾಸ್ಟಿಕ್ ಕ್ಲಿಪ್ಪು ತಂದಳು. ಕಡ್ಡಿಗಳನ್ನು ತನ್ನ ಸೆರಗಿನಿಂದ ಒರೆಸಿ, ಕ್ಲಿಪ್ಪಿಗೆ ಸಿಕ್ಕಿಸಿ, ಅವನ ಕೈಗೆ ತುರುಕಿದಳು. “ಮುಳ್ಳು ಎತ್ತಿದ್ದು ನಿಮ್ಮ ಒದ್ದೆ ಕೈ. ಬೆರಳು ತಾಗಿಸಿದ್ರೆ ನೋಡಿ ಮತ್ತೆ!”

ತುದಿಗೊಂದು, ಕಬ್ಬಿಣಕ್ಕೊಂದು. ಮುಳ್ಳು ಮಿಸುಕಲಿಲ್ಲ. ಮತ್ತೆ ಒತ್ತಿದ, ಕಡ್ಡಿ ಬದಲಿಸಿ ಒತ್ತಿದ, ಮೀಟರಿನ ತಲೆಗೆ ಮೊಟಕಿಯೂ ನೋಡಿದ. ಅದು ಎಮ್ಮೆಯ ಹಾಗೆ ಬಿದ್ದುಕೊಂಡೇ ಇತ್ತು. ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು.

ವೈಂಡಿಂಗ್ ಸರಿಯಿದೆ ಎಂದ ಮೇಲೆ ರೋಗವನ್ನು ಬೇರೆ ಕಡೆ ಹುಡುಕಬೇಕು. ಎರಡು ವರ್ಷದಿಂದ ಆ ಕಷ್ಟವೇ ಅವನಿಗೆ ಬಂದಿರಲಿಲ್ಲ. ಮೋಟರಿಗೆ ಚಾಲೂ ಕೊಡುವ ಪುಟ್ಟ ಡಬ್ಬಿಯನ್ನು ಬಿಚ್ಚಿದರೆ, ಒಳಗಿನ ಎರಡು ತಗಡುಗಳ ನಡುವೆ ಸುಟ್ಟ ಇರುವೆಗಳ ಕರಿಮುದ್ದೆ. ಚಾಕುವಿನಿಂದ ಕೆರೆದು, ಊದಿ, ಕೂಡಿಸಿದ. ಫ್ರೀಜರು ಒಮ್ಮೆ ಕೆಮ್ಮಿ ಗುಂಯ್ ಎಂದು ಓಡತೊಡಗಿತು. ಮೆರೆಸೇನಿ ಅದನ್ನು ತಬ್ಬಿಕೊಂಡೇಬಿಟ್ಟಳು.

“ಡಾಕ್ಟರ್ ಭಾಯ್, ಸತ್ತದ್ದನ್ನ ಬದುಕಿಸಿಬಿಟ್ಟೆ! ನಾಳೆ ನೀವೆಲ್ಲ ಬರಲೇಬೇಕು.”

ಡಾಕ್ಟರ್ ಪೆನ್ನು ಸರಿಮಾಡಿಕೊಂಡ. “ಸ್ವಲ್ಪ ಕಷ್ಟದ ಕೇಸು. ಬೇರೆಯವರಾಗಿದ್ರೆ ಕೈಬಿಡ್ತಿದ್ರು,” ಎಂದು ಹೇಳಿಯೂಬಿಟ್ಟ. ಆ ಬಾಯಿಗೆ ಯಾವ ದೇವರು ಬೀಗ ಹಾಕಬೇಕೋ!

ಸುಖದೇಯಿ ಅಲ್ಲಿರಲಿಲ್ಲ. ಹಿತ್ತಲಲ್ಲಿ ಫ್ಯಾನು, ಪಂಪುಗಳು ಉರುಳುವ ಸದ್ದಾಯಿತು. ಧೂಳು ಮೆತ್ತಿದ ಮಿಕ್ಸಿಯನ್ನು ಎತ್ತಿಕೊಂಡು ಬಂದು, ಮೇಜಿನ ಮೇಲೆ ಕುಕ್ಕಿ, ಮುಚ್ಚಳ ಬಿಚ್ಚಿ ಅವನ ಮುಂದೆ ತಳ್ಳಿದಳು.

“ನೋಡಿ.”

“ಈಗ್ಯಾಕೆ ಅದು, ಸುಖೀ...”

“ನೋಡಿ ಅಂದೆ.”

ಅವನು ಕ್ಲಿಪ್ಪು ಹಿಡಿದು ನೋಡಿದ. ಮುಳ್ಳು ಸುಮ್ಮನೆ ಮಲಗಿತ್ತು. ಅಂದು ಕೆಟ್ಟಿದ್ದದ್ದು ಬುಡದಲ್ಲಿ ಕಳಚಿಕೊಂಡ ಒಂದು ತಂತಿ ಮಾತ್ರ. ಅದನ್ನು ಸಿಕ್ಕಿಸಿದ. ಗುಂಡಿ ಒತ್ತಿದ್ದೇ ತಡ ಮಿಕ್ಸಿ ಮೇಜು ನಡುಗುವ ಹಾಗೆ ಗರ್ಜಿಸಿತು. ಸುಖದೇಯಿ ಅದನ್ನು ಆರಿಸಲಿಲ್ಲ. ಅದರ ಸದ್ದಿನ ಮೇಲೆ ಕೂಗಿಯೇ ಕೇಳಿದಳು.

“ಎರಡು ವರ್ಷ ಕಲ್ಲಿನ ಮೇಲೆ ನನ್ನ ರಟ್ಟೆ ಸವೀತಲ್ಲ, ಅದನ್ನ ಯಾವ ಮೀಟರಲ್ಲಿ ನೋಡ್ತೀರಿ?”

ಕುಪ್ಪುಸಾಮಿ ಗಾಬರಿಯಲ್ಲಿ ಅಭ್ಯಾಸಬಲದಿಂದ ತುಂಬಿದ ಚಿಪ್ಪು ಚಾಚಿದ. ಡಾಕ್ಟರ್ ಅದನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಎದೆಯ ಜೇಬಿನಿಂದ ಪೆನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಮೀಟರು ಹಿಡಿದು ಹಿತ್ತಲಿನ ಗುಡ್ಡೆಯ ಕಡೆ ನಡೆದ.